ಹಬ್ಬದ ಪೈಪು: ದಾನ, ಪ್ರತಿಗ್ರಹ ಮತ್ತು ಶೋಕೇಸು

ಕ್ರಿಸ್‌ಮಸ್ಸಿನ ಹೊತ್ತಿಗೆ ಗಲ್ಫಿನಿಂದ ಬಂದು ಮಂಗಳೂರಿನ ಮನೆ ಸೇರುವ ಹೊಗೆಸೊಪ್ಪಿನ ಪೈಪು ಸೇದುವುದಕ್ಕೆ ಬಂದದ್ದೋ, ನೋಡುವುದಕ್ಕೆ ಬಂದದ್ದೋ ಎಂಬ ಪ್ರಶ್ನೆಯನ್ನು ಪೂರ್ವಸೂರಿಗಳು ಯಾರೂ ಎತ್ತಿಕೊಂಡಿಲ್ಲ. ಹೆಂಚು, ಯಕ್ಷಗಾನ, ಭೂತಾರಾಧನೆಗಳ ಮೇಲೆ ಮಹಾಪ್ರಬಂಧಗಳು ರಾಶಿ ಬಿದ್ದಿರುವಾಗ ಪೈಪು ಮಾತ್ರ ಶೋಕೇಸಿನ ಮೇಲಿನ ಅಂಕಣದಲ್ಲಿ ಬುರ್ಜ್ ಖಲೀಫಾದ ಪಕ್ಕ ಅನಾಥವಾಗಿ ಮಲಗಿದೆ. ಆ ಲೋಪವನ್ನು ಯಥಾಮತಿ ತುಂಬುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಪೂರ್ವಪಕ್ಷ ಹೀಗಿದೆ: ಪೈಪು ಸೇದುವ ಸಾಧನ, ಆದ್ದರಿಂದ ಸೇದುವವನಿಗೇ ಅದನ್ನು ಕೊಡಬೇಕು. ಕೇಳುವುದಕ್ಕೆ ಸರಿ. ಆದರೆ ಲೋಕರೂಢಿ ಇದಕ್ಕೆ ತದ್ವಿರುದ್ಧ. ಸೇದುವ ಭಾವನಿಗೆ ತಂಗಿಯ ಹೆದರಿಕೆಯಿಂದ ಅಂಗಿ ಪೀಸು ಬರುತ್ತದೆ. ಜನ್ಮದಲ್ಲಿ ಬೀಡಿ ಮುಟ್ಟದ, ನಿವೃತ್ತ ಹೆಡ್‌ಮಾಸ್ಟರರಾದ ದೊಡ್ಡಪ್ಪನಿಗೆ ಪೈಪು ಬರುತ್ತದೆ. ಕಾರಣ ಕೇಳಿದರೆ ‘ಅವರ ಮುಖಕ್ಕೆ ಒಪ್ಪುತ್ತದೆ’ ಎಂಬ ಉತ್ತರ. ಇದರಿಂದ ಪೈಪು ಹೊಗೆಯ ವಸ್ತುವಲ್ಲ, ಮುಖದ ವಸ್ತು ಎಂದು ಸಿದ್ಧವಾಯಿತು.

ಇದಕ್ಕೆ ಪ್ರಮಾಣ ನಮ್ಮ ನಾಡಿನ ಚರಿತ್ರೆಯಲ್ಲೇ ಇದೆ. ಅಕ್ಬರನ ದೂತನಾಗಿ ವಿಜಯಪುರಕ್ಕೆ ಬಂದಿದ್ದ ಅಸದ್ ಬೇಗ್, 1604ರ ಸುಮಾರಿಗೆ ಆಗ್ರಾಕ್ಕೆ ಮರಳುವಾಗ ಇಲ್ಲಿ ಸಿಕ್ಕ ಹೊಗೆಸೊಪ್ಪನ್ನು ಕೊಂಡೊಯ್ದ. ಜೊತೆಗೆ ರತ್ನ ಕೂರಿಸಿದ ಉದ್ದನೆಯ ಕೊಳವೆ, ಯೆಮನ್ ದೇಶದ ಕೆಂಪು ಕಲ್ಲಿನ ಬಾಯಿತುದಿ, ಚಿನ್ನದ ಬಟ್ಟಲು. ಎಲ್ಲವನ್ನೂ ಬೆಳ್ಳಿ ಹರಿವಾಣದಲ್ಲಿಟ್ಟು ಅಕ್ಬರನಿಗೆ ಒಪ್ಪಿಸಿದ. ಹೊಗೆಸೊಪ್ಪು ತುಂಬಿದ್ದು ಯಾವುದರಲ್ಲಿ? ವಿಜಯಪುರದ ಸುಲ್ತಾನ ಇಬ್ರಾಹಿಂ ಆದಿಲ್‌ಶಾಹ ಇವನಿಗೇ ಉಡುಗೊರೆಯಾಗಿ ಕೊಟ್ಟಿದ್ದ ವೀಳ್ಯದ ಚೀಲದಲ್ಲಿ! ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರಿಗೆ ದಾಟಿಸುವ ಕಲೆಗೆ ಇಷ್ಟು ಘನವಾದ ಚರಿತ್ರೆಯ ಆಧಾರ ಇರುವಾಗ, ಮದುವೆಯಲ್ಲಿ ಬಂದ ಗೋಡೆ ಗಡಿಯಾರವನ್ನು ಗೃಹಪ್ರವೇಶಕ್ಕೆ ಒಯ್ಯುವವರು ನಾಚಿಕೊಳ್ಳಬೇಕಾಗಿಲ್ಲ.

ಮುಂದೆ ನಡೆದದ್ದು ಇನ್ನೂ ಮುಖ್ಯ. ಬಾದಶಹ ಸೇದಲು ಹೊರಟಾಗ ಆಸ್ಥಾನದ ವೈದ್ಯ ಅಡ್ಡ ಬಂದ. ತಂದವನ ಮನಸ್ಸು ನೋಯಬಾರದೆಂದು ಅಕ್ಬರ್ ಎರಡು ಮೂರು ದಮ್ಮು ಎಳೆದ, ಅಷ್ಟೇ, ಅಭ್ಯಾಸ ಮಾಡಿಕೊಳ್ಳಲಿಲ್ಲ. ಮಗ ಜಹಾಂಗೀರನಂತೂ 1617ರಲ್ಲಿ ಹೊಗೆಸೊಪ್ಪಿಗೇ ನಿಷೇಧ ಹಾಕಿದ. ಮಂಗಳೂರಿನ ಬಿಜೈಯ ದೊಡ್ಡಪ್ಪನ ಮನೆಯಲ್ಲಿ ನಡೆಯುವುದೂ ಅಕ್ಷರಶಃ ಇದೇ. ಡಿಸೆಂಬರ್ 25ರ ಮಧ್ಯಾಹ್ನ, ಸಾನ್ನಾ ಮತ್ತು ದುಕ್ರಾಮಾಸ್ ಆದ ಮೇಲೆ, ತಂದವನ ಎದುರು ಪೈಪನ್ನು ಬಾಯಿಗಿಟ್ಟು ಒಂದು ಫೋಟೋ. ವೈದ್ಯಕೀಯ ಕಾಲೇಜುಗಳು ಕೈಗೊಂದು ಕಾಲಿಗೊಂದು ಇರುವ ಊರಾದ್ದರಿಂದ ಅಡ್ಡ ಬರಲು ಪ್ರತಿ ಮನೆಯಲ್ಲೂ ಒಬ್ಬ ಡಾಕ್ಟರ್ ಸೊಸೆ ಇದ್ದೇ ಇರುತ್ತಾಳೆ. ಪೈಪು ಶೋಕೇಸಿಗೆ, ಶೋಕೇಸಿಗೆ ಬೀಗ.

ಪೈಪಿನ ಜೊತೆ ಬರುವ ಹೊಗೆಸೊಪ್ಪಿನ ಡಬ್ಬಿಯದು ಬೇರೆ ಕತೆ. 2016ರ ಬ್ಯಾಗೇಜ್ ನಿಯಮದ ಪ್ರಕಾರ ಸುಂಕವಿಲ್ಲದೆ ತರಬಹುದಾಗಿದ್ದದ್ದು ನೂರು ಸಿಗರೇಟು, ಅಥವಾ 25 ಸಿಗಾರ್, ಅಥವಾ 125 ಗ್ರಾಂ ಹೊಗೆಸೊಪ್ಪು. ಬಜ್ಪೆಯ ವಿಮಾನ ನಿಲ್ದಾಣದಲ್ಲಿ ಎದೆ ಡವಡವಗುಟ್ಟಿಸಿ ದಾಟಿ ಬಂದ ಈ ಡಬ್ಬಿಯನ್ನು ಪರಿಮಳ ನೋಡಲೆಂದು ಒಮ್ಮೆ ತೆರೆಯುತ್ತಾರೆ. ಎಲ್ಲರೂ ಮೂಗು ಒಡ್ಡಿ ‘ಚೆರ್ರಿ ಹಣ್ಣಿನ ಹಾಗಿದೆ’ ಎನ್ನುತ್ತಾರೆ. ಜೂನ್ ಮಳೆಗೆ ಅದಕ್ಕೆ ಬೂಷ್ಟು ಹಿಡಿಯುತ್ತದೆ. ಡಬ್ಬಿ ತೊಳೆದು ಅದರಲ್ಲಿ ಏಲಕ್ಕಿ ಹಾಕುತ್ತಾರೆ.

ಇನ್ನು ಪೈಪಿನ ಬಟ್ಟಲು. ಮೆಡಿಟರೇನಿಯನ್ ತೀರದ ಪೊದೆಯ ಬೇರುಗಂಟಿನಿಂದ ಕಡೆದ, ಬೆಂಕಿಗೂ ಜಗ್ಗದ ಆ ಬಟ್ಟಲಿನೊಳಗೆ ಕಂಡುಬಂದ ವಸ್ತುಗಳು: ಎರಡು ಪಿನ್ನು, ಕನ್ನಡಕದ ಒಂದು ಸ್ಕ್ರೂ, ಯಾವುದೋ ಬೀಗದ ಕೀ, ಒಣಗಿದ ಗೋಡಂಬಿ ಚೂರು. ರಜೆಗೆ ಬಂದ ಮಕ್ಕಳು ಸಾಬೂನು ನೀರಿನಲ್ಲದ್ದಿ ಗುಳ್ಳೆ ಊದಿದ ಕುರುಹೂ ಒಳಗೋಡೆಯಲ್ಲಿದೆ. ನಮಗೆ ತಿಳಿದ ಮಟ್ಟಿಗೆ ಪೈಪಿಗೆ ಮಂಗಳೂರಿನಲ್ಲಿ ಸಿಕ್ಕ ಏಕೈಕ ಉಸಿರು ಅದು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ: ಉಡುಗೊರೆಗೆ ಪೈಪೇ ಯಾಕೆ, ಊರಿನ ಬೀಡಿ ಯಾಕಲ್ಲ? ಊರಿನ ಸುತ್ತ ಮನೆಮನೆಯ ಜಗಲಿಯಲ್ಲಿ ಹೆಂಗಸರು ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಎಲೆ ಕತ್ತರಿಸಿ, ನಿಪ್ಪಾಣಿ ಕಡೆಯ ಹೊಗೆಸೊಪ್ಪಿನ ಹುಡಿ ಉದುರಿಸಿ, ಸುರುಳಿ ಸುತ್ತಿ ನೂಲು ಕಟ್ಟುತ್ತಾರೆ. ಸಾವಿರದ ಲೆಕ್ಕದಲ್ಲಿ ಬೀಡಿ ಬ್ರಾಂಚಿಗೆ ಕೊಡುತ್ತಾರೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯ ಸಿಂಧುತ್ವವನ್ನು ಸುಪ್ರೀಂ ಕೋರ್ಟು 1974ರಲ್ಲಿ ಎತ್ತಿಹಿಡಿದದ್ದು ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲೇ. ಹೀಗಿದ್ದೂ ಒಂದು ಕಟ್ಟು ಬೀಡಿಯನ್ನು ಬಣ್ಣದ ಕಾಗದದಲ್ಲಿ ಸುತ್ತಿ, ರಿಬ್ಬನ್ ಬಿಗಿದು, ಹಬ್ಬಕ್ಕೆ ಕೊಟ್ಟವರುಂಟೇ? ಇಲ್ಲ. ಯಾಕೆಂದರೆ ಕೊಟ್ಟರೆ ಅದನ್ನು ಸೇದಿಬಿಡುತ್ತಾರೆ! ಸೇದಿದ ಮೇಲೆ ಕೊಟ್ಟದ್ದಕ್ಕೆ ಸಾಕ್ಷಿ ಏನು? ನೆರೆಮನೆಯ ಬೀಡಿ ಕಟ್ಟುವ ಅಜ್ಜಿಗೆ ಈ ಪೈಪನ್ನು ತೋರಿಸಿದಾಗ ಆಕೆ ಅದನ್ನು ತಿರುಗಿಸಿ ನೋಡಿ, ‘ಇದಕ್ಕೆ ನೂಲು ಎಲ್ಲಿ ಕಟ್ಟುವುದು ಮಾರಾಯ್ರೆ? ಸಾವಿರಕ್ಕೆ ಎಷ್ಟು ಕೊಡ್ತಾರೆ?’ ಎಂದು ಕೇಳಿದರು. ಈ ಎರಡು ಪ್ರಶ್ನೆಗಳಿಗೆ ಅಲಂಕಾರಶಾಸ್ತ್ರದಲ್ಲಿ ಉತ್ತರವಿಲ್ಲ.

ಪ್ರತಿಗ್ರಹದ ವಿಧಿ ಸರಳ. ಪೈಪು ತಂದವನಿಗೆ ಕುಸ್ವಾರಿನ ತಟ್ಟೆ ಹೋಗಬೇಕು: ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ, ಒಂದು ತುಂಡು ಕೇಕು. ತಟ್ಟೆ ಬರಿದಾಗಿ ಮರಳಬಾರದು. ಮರಳಿಸುವಾಗ ಏನಿಡಬೇಕೆಂದು ತೋಚದ ಮನೆಗಳಲ್ಲಿ ಹಳೆಯ ಉಡುಗೊರೆಗಳು ನೆನಪಾಗುತ್ತವೆ. ಈ ಮಾರ್ಗವಾಗಿಯೇ ಬಿಜೈಯ ಪೈಪು ಸೆಪ್ಟೆಂಬರಿನ ಮೊಂತಿ ಫೆಸ್ತಿಗೆ ಕಂಕನಾಡಿಗೆ, ಅಲ್ಲಿಂದ ದೀಪಾವಳಿಗೆ ಕಾರ್‌ಸ್ಟ್ರೀಟಿನ ಗೆಳೆಯರ ಮನೆಗೆ, ಅಲ್ಲಿಂದ ಬಂದರಿನ ಒಬ್ಬ ಬ್ಯಾರಿ ವ್ಯಾಪಾರಿಗೆ ದಾಟಿತು. ಆತ ಸಜ್ಜನ. ‘ಎಂತಕ್ಕೆ ಇದು ನನಗೆ?’ ಎಂದುಕೊಂಡು, ದುಬೈಯಲ್ಲಿರುವ ಪಾಲುದಾರನಿಗೆ ಗೋಡಂಬಿ, ಹಲ್ವದ ಜೊತೆ ಕಟ್ಟಿಕೊಟ್ಟ. ಪಾಲುದಾರನ ಅಂಗಡಿಯಲ್ಲಿ ಕೆಲಸಕ್ಕಿರುವವನು ದೊಡ್ಡಪ್ಪನ ತಮ್ಮನ ಮಗ. ಕ್ರಿಸ್‌ಮಸ್ ರಜೆಗೆ ಆತ ಈಗಾಗಲೇ ಟಿಕೆಟ್ ಮಾಡಿಸಿದ್ದಾನೆ.