ಬಟ್ಟೆಗೊಂದು ಬಟ್ಟೆ

ಮನೆ ಕಟ್ಟಿಸಲು ಹೊರಟವರ ನಕಾಶೆಯಲ್ಲಿ ಈಚೆಗೆ ಮಾಸ್ಟರ್ ಬೆಡ್‌ರೂಮಿನ ಮಗ್ಗುಲಿಗೊಂದು ಸಣ್ಣ ಚೌಕ ಬಂದು ಕೂತಿದೆ. ಬೆಂಗಳೂರು, ಹೈದರಾಬಾದುಗಳನ್ನು ದಾಟಿ ಅದು ಬಸವಕಲ್ಯಾಣ, ಹುಮನಾಬಾದಿನ ಹೊಸ ಲೇಔಟುಗಳ ಕಡೆಗೂ ಹೆಜ್ಜೆ ಹಾಕಿದೆ. ವಾಕ್-ಇನ್ ಕ್ಲಾಸೆಟ್ ಎಂದು ಹೆಸರು. ಮನುಷ್ಯ ನಡೆದು ಒಳಹೊಕ್ಕು ನಿಲ್ಲುವಷ್ಟು ದೊಡ್ಡ ಕಪಾಟು. ಅದನ್ನು ಹೇಗೆ ಜೋಡಿಸಬೇಕೆಂಬ ಚರ್ಚೆ ಗಂಡ, ಹೆಂಡತಿ, ಎಂಜಿನಿಯರು, ಬಡಿಗೇರ ಈ ನಾಲ್ವರ ನಡುವೆ ನಡೆಯುತ್ತದೆ: ರಾಡು ಎಷ್ಟೆತ್ತರ, ಹಲಗೆ ಎಷ್ಟಗಲ, ಕನ್ನಡಿ ಯಾವ ಗೋಡೆಗೆ, ಸನ್‌ಮೈಕಾ ಯಾವ ಬಣ್ಣ. ಅರಿವೆ ಒಳಗೆ ಬರುವುದನ್ನು ಎಲ್ಲರೂ ಯೋಚಿಸುತ್ತಾರೆ, ಹೊರಗೆ ಹೋಗುವುದನ್ನು ಯಾರೂ ಗೆರೆ ಎಳೆದು ತೋರಿಸುವುದಿಲ್ಲ. ಹಳಗನ್ನಡದಲ್ಲಿ ಬಟ್ಟೆ ಎಂದರೆ ದಾರಿಯೂ ಹೌದು. ಉಡುವ ಬಟ್ಟೆಗೂ ನಡೆಯುವ ಬಟ್ಟೆಗೂ ಮೂಲ ಬೇರೆಬೇರೆ ಎಂದು ಪಂಡಿತರು ತಕರಾರು ತೆಗೆಯಬಹುದು, ತೆಗೆಯಲಿ. ಕಪಾಟಿನ ವಿಷಯದಲ್ಲಿ ಮಾತ್ರ ಎರಡೂ ಒಂದೇ ಎಂದುಕೊಂಡು ನಕಾಶೆ ಬರೆಯಬೇಕೆಂಬುದು ನನ್ನ ವಾದ.

ಮೊದಲು ಲೆಕ್ಕ ನೋಡೋಣ. ಹ್ಯಾಂಗರಿಗೆ ಹಾಕಿದ ಅಂಗಿ ಗೋಡೆಗೆ ತಾಗದೆ ತೂಗಬೇಕಾದರೆ 2 ಅಡಿ ಆಳ ಬೇಕು. ಎರಡೂ ಬದಿಗೆ ಕೂಡಿ 4 ಅಡಿ; ನಡುವೆ ಮನುಷ್ಯ ಬಗ್ಗಿ ಏಳಲಿಕ್ಕೆ 3 ಅಡಿ. ಅಲ್ಲಿಗೆ ಅಗಲ 7 ಅಡಿ ಆಯಿತು. ಉದ್ದ 6 ಅಡಿ ಹಿಡಿದರೂ 42 ಚದರ ಅಡಿ, ಅದರಲ್ಲಿ 18 ಚದರ ಅಡಿ ಬರೀ ನೆಲ. ಅಂದರೆ ಈ ಕೋಣೆಯಲ್ಲಿ ಎಲ್ಲಕ್ಕಿಂತ ದೊಡ್ಡ ಸಾಮಾನು ಎಂದರೆ ಖಾಲಿ ಜಾಗ. ನಮ್ಮ ಕಡೆಯ ಮನೆಗಳಲ್ಲಿ ಖಾಲಿ ಜಾಗದ ಆಯುಷ್ಯ ಎಷ್ಟೆಂದು ಬಲ್ಲವರೇ ಬಲ್ಲರು. ಮಿರಗ ಕೂಡಿ ನಾಲ್ಕು ಹನಿ ಬಿದ್ದವೆಂದರೆ ಕೂಲರು ಹಿಂದೆ ಸರಿದು ಬಂದು ಅಲ್ಲಿ ನಿಲ್ಲುತ್ತದೆ. ರಾಶಿ ಮುಗಿದ ಮೇಲೆ ಹೊಲದಿಂದ ಬಂದ ತೊಗರಿಯ ಚೀಲ ಅದರ ಪಕ್ಕಕ್ಕೆ ಒರಗುತ್ತದೆ. ವಾರಂಟಿ ಮುಗಿಯುವ ತನಕ ಇರಲಿ ಎಂದು ಇಟ್ಟುಕೊಂಡ ಮಿಕ್ಸರಿನ ರಟ್ಟಿನ ಡಬ್ಬಿ, ವಾರಂಟಿ ಮುಗಿದು ಮಿಕ್ಸರೇ ಸತ್ತ ಮೇಲೂ ತೊಗರಿಯ ತಲೆಯ ಮೇಲೆ ಕೂತಿರುತ್ತದೆ. ನಡೆದು ಹೋಗುವ ಕಪಾಟು ಒಂದೇ ವರ್ಷದಲ್ಲಿ ಕೈ ಚಾಚಿ ಎಳೆದುಕೊಳ್ಳುವ ಕಪಾಟಾಗುತ್ತದೆ. ಆದ್ದರಿಂದ ಈ ಚೌಕವನ್ನು ಉದ್ದಕ್ಕೆ ತೆಳ್ಳಗೆ ಮಾಡಿ, ಒಂದೇ ಗೋಡೆಗೆ ಹಲಗೆ ಹೊಡೆಸಿ, 5 ಅಡಿ ಅಗಲಕ್ಕೆ ನಿಲ್ಲಿಸುವುದು ಮೇಲು. ಚೀಲ ಇಡಲಿಕ್ಕೆ ಎಡೆ ಕಾಣದಿದ್ದರೆ ಚೀಲವೂ ನಾಚಿ ಬೇರೆ ಕಡೆ ಹೋದೀತು.

ಪರದೇಶದ ನಮೂನೆಗಳಲ್ಲಿ ಉದ್ದ ಗೌನು, ಕೋಟುಗಳಿಗೆಂದು ಐದೂವರೆ ಅಡಿಯ ಎತ್ತರ ಬಿಟ್ಟಿರುತ್ತಾರೆ. ಇಲ್ಲಿ ಬುರ್ಖಾ, ಶೇರ್ವಾನಿಗಳಿಗೆ ಅದು ಬೇಕೇ ಬೇಕು. ಮಿಕ್ಕ ಮನೆಗಳಲ್ಲಿ ಆ ಎತ್ತರ, ಮದುವೆಯಲ್ಲಿ ಒಮ್ಮೆ ತೊಟ್ಟ ಲೆಹೆಂಗಾ ಒಂದಕ್ಕೆ ಕಟ್ಟಿದ ಗೋಪುರ. ಸೀರೆ ತೂಗಲಿಕ್ಕೆ ಹುಟ್ಟಿದ್ದಲ್ಲ, ಮಲಗಲಿಕ್ಕೆ ಹುಟ್ಟಿದ್ದು. ಇಳಕಲ್ ಸೀರೆಯನ್ನು ಮಡಿಸಿ 15 ಇಂಚು ಆಳದ ಹಲಗೆಯ ಮೇಲೆ ಇಟ್ಟರೆ ಸಾಕು. ಆಳ ಎರಡಡಿಯಾದರೆ ಹಿಂದಿನ ಸಾಲು ಪಾತಾಳಕ್ಕೆ ಸೇರಿ ದೀಪಾವಳಿಯ ಸಾರಣೆ-ಕಾರಣೆಯಲ್ಲಷ್ಟೇ ಬೆಳಕು ಕಾಣುತ್ತದೆ. ಎರಡು ಹಲಗೆಗಳ ನಡುವೆ ಒಂದಡಿಗಿಂತ ಹೆಚ್ಚು ಬಿಡಬಾರದು. ಬಿಟ್ಟರೆ ಹದಿನೈದು ಸೀರೆಗಳ ಥಪ್ಪಿ ಏಳುತ್ತದೆ, ಬೇಕಾದ ಸೀರೆ ಹದಿನೈದನೆಯದಾಗಿರುತ್ತದೆ, ಬಸ್ಸಿಗೆ ಹತ್ತು ನಿಮಿಷ ಉಳಿದಿರುತ್ತದೆ.

ಈಗ ಮುಖ್ಯ ಸಾಕ್ಷಿಗೆ ಬರುತ್ತೇನೆ. ನಮ್ಮ ಕಡೆಯ ಯಾವುದೇ ಕಪಾಟಿನ ಬಾಗಿಲು ತೆಗೆದು ಎಣಿಸಿ ನೋಡಿ, ಬಹಳಷ್ಟು ಅರಿವೆ ಮನೆಯವರು ಉಡುವಂಥದ್ದೇ ಅಲ್ಲ. ಅದು ಆಹೇರಿ. ಮದುವೆ, ಕುಪ್ಪಸ, ತೊಟ್ಟಿಲು, ಗೃಹಪ್ರವೇಶಗಳಲ್ಲಿ ಬಂದ ಜಂಪರ್ ಪೀಸು, ಪ್ಯಾಂಟು-ಶರ್ಟಿನ ಪೀಸು, ಶಾಲು, ಟೊಪ್ಪಿಗೆ, ಟವೆಲು. ಹೈದರಾಬಾದಿಗೂ ಸೊಲ್ಲಾಪುರಕ್ಕೂ ನಡುವಿನ ಹೆದ್ದಾರಿಯ ಮಗ್ಗುಲಲ್ಲಿರುವ ಊರುಗಳು ನಮ್ಮವು. ಸೊಲ್ಲಾಪುರದ ಟವೆಲು, ಚಾದರಗಳಿಗೆ ಇಲ್ಲಿ ಬರಲು ಯಾರ ಅಪ್ಪಣೆಯೂ ಬೇಕಿಲ್ಲ. ಬಂದವು ಪ್ಲಾಸ್ಟಿಕ್ ಹಾಳೆಯನ್ನೂ ಬಿಚ್ಚದೆ, ಕುಂಕುಮದ ಕಲೆ ಒರೆಸಿಕೊಂಡು, ಮುಂದಿನ ಮದುವೆಗೆ ಕಾಯುತ್ತಿರುತ್ತವೆ. ಇವು ಪ್ರಯಾಣಿಕರು. ಪ್ರಯಾಣಿಕರಿಗೆ ಬೇಕಾದದ್ದು ಬಸ್ ಸ್ಟ್ಯಾಂಡೇ ಹೊರತು ಮನೆಯಲ್ಲ. ಆದರೆ ನಕಾಶೆ ಬರೆಯುವಾಗ ಇವನ್ನು ಅಟ್ಟಕ್ಕೋ ಮೂಲೆಯ ಕೆಳಗಿನ ಹಲಗೆಗೋ ತಳ್ಳುತ್ತೇವೆ. ಅಲ್ಲಿಗೆ ಕೈ ಎಟುಕದು, ಎಟುಕದ್ದಕ್ಕೆ ಪೇಟೆಯಿಂದ ಹೊಸದು ಬರುತ್ತದೆ, ಹಳೆಯದು ಅಲ್ಲೇ ನುಸಿಗುಳಿಗೆಯ ವಾಸನೆ ಕುಡಿಯುತ್ತದೆ. ಆಹೇರಿಯ ಹಲಗೆ ಬಾಗಿಲ ಪಕ್ಕದಲ್ಲೇ, ನಡುಮಟ್ಟದಲ್ಲಿ ಇರಬೇಕು. ಅದರ ಕೆಳಗೆ ಎರಡು ಬುಟ್ಟಿ: ಕೌದಿಗೆ ಹೋಗುವ ಮೆತ್ತನೆಯ ಹಳೆ ಸೀರೆಗಳಿಗೊಂದು, ಹಳೆ ಅರಿವೆಗೆ ಸ್ಟೀಲಿನ ಭಾಂಡೆ ಕೊಡುವವಳು ಓಣಿಗೆ ಬಂದಾಗ ಎತ್ತಿಕೊಡಲಿಕ್ಕೊಂದು. ಕನ್ನಡಿ, ಡ್ರಾಯರು, ಬೆಲ್ಟಿನ ಕೊಕ್ಕೆ ಎಲ್ಲ ಆಮೇಲೆ.

ಇಲ್ಲೊಂದು ಗಂಭೀರ ಆಕ್ಷೇಪ ಬರುತ್ತದೆ. ನಾಳೆಗೆಂದು ಸೀರೆಯ ದಾರವೊಂದನ್ನೂ ತೆಗೆದಿಡೆನೆಂದು ಆಣೆ ಇಟ್ಟ ಬಸವಣ್ಣನ ಕಲ್ಯಾಣದಲ್ಲಿ ಬಟ್ಟೆಗೊಂದು ಕೋಣೆಯೇ? ಆಕ್ಷೇಪ ಸರಿ, ಆದರೆ ಅರ್ಧ ಊರಿನದು. ಇದೇ ಕಲ್ಯಾಣದ ಗದ್ದುಗೆಯ ಮೇಲೆ ಬಸವಣ್ಣ ಇಲ್ಲಿಗೆ ಬರುವುದಕ್ಕೆ ಮೊದಲು ಕೂತಿದ್ದ ಚಾಲುಕ್ಯ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. ನೂರು ಅಧ್ಯಾಯಗಳ ಆ ಗ್ರಂಥದಲ್ಲಿ ಊಟ, ಸ್ನಾನಗಳ ಜೊತೆ ವಸ್ತ್ರಭೋಗಕ್ಕೂ ಜಾಗ ಕೊಟ್ಟಿದ್ದಾನೆ. ಯಾವ ಋತುವಿಗೆ ಯಾವ ಬಟ್ಟೆ ಎಂಬುದೂ ಅಲ್ಲಿದೆ. ವಾಕ್-ಇನ್ ಕ್ಲಾಸೆಟ್ಟಿಗೆ ಇದಕ್ಕಿಂತ ಹಳೆಯ ಸ್ಥಳಪುರಾಣ ಬೇರೆ ಯಾವ ಊರಿಗಿದೆ? ಅರಸನಿಗೆ ಹುಡುಕುವ ತಾಪತ್ರಯ ಇರಲಿಲ್ಲ, ಹುಡುಕಿಕೊಡಲು ಆಳುಕಾಳಿದ್ದರು. ಆಳಿಲ್ಲದ ನಮಗೆ ದಾರಿ ತೋರಿಸುವವಳು ಆಯ್ದಕ್ಕಿ ಲಕ್ಕಮ್ಮ. ಬಿದ್ದ ಅಕ್ಕಿ ಆಯ್ದು ತರುತ್ತಿದ್ದ ಗಂಡ ಮಾರಯ್ಯ ಒಂದು ದಿನ ಹೆಚ್ಚಿಗೆ ತಂದಾಗ ಆಕೆ ಇನ್ನೊಂದು ಮಡಕೆ ಹುಡುಕಲಿಲ್ಲ, ತಂದಲ್ಲೇ ಸುರಿದು ಬಾ ಎಂದಳು. ನಾವು ಮಾಡುವುದು ತದ್ವಿರುದ್ಧ: ಹೆಚ್ಚಿಗೆ ಬಂದರೆ ಇನ್ನೊಂದು ಹಲಗೆ ಹೊಡೆಸುತ್ತೇವೆ. ಕೋಣೆ ಸೋಮೇಶ್ವರನದಾಗಲಿ, ಬಾಗಿಲ ಪಕ್ಕದ ಆ ಒಂದು ಹಲಗೆ ಲಕ್ಕಮ್ಮನದಾಗಲಿ ಎಂದರೆ ಇಬ್ಬರಿಗೂ ಮೋಸವಿಲ್ಲ.

ವಾಸ್ತುವಿನವರದು ಸಣ್ಣ ತಕರಾರು. ನೈರುತ್ಯದಲ್ಲಿ ಭಾರ ಇರಬೇಕು, ಕಪಾಟು ಉತ್ತರಕ್ಕೆ ಬಾಯಿ ತೆರೆಯಬೇಕು ಎನ್ನುತ್ತಾರೆ. ನಮ್ಮ ಕಪಾಟುಗಳ ಭಾರದ ಬಗ್ಗೆ ಅವರು ನಿಶ್ಚಿಂತೆಯಿಂದಿರಬಹುದು. ಗಾಳಿಯ ತಕರಾರು ನಿಜವಾದದ್ದು: ಕಿಟಕಿಯಿಲ್ಲದ ಕೋಣೆಗೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಕಿಟಕಿ ಇಟ್ಟರೆ ಬೇಸಿಗೆಯ ಧೂಳು ಜರಿಯ ಮೇಲೆ ಕೂರುತ್ತದೆ. ಹಳೆ ಮನೆಗಳ ಬೆಳಕಿಂಡಿಯ ಬುದ್ಧಿಯನ್ನು ಇಲ್ಲಿ ಕಡ ತರಬೇಕು. ಮೇಲೊಂದು ಸಣ್ಣ ಕಿಂಡಿ, ಅದಕ್ಕೆ ಜಾಳಿಗೆ, ಸೀರೆಯ ಹಲಗೆಗಳಿಗೆ ಮಾತ್ರ ಬಾಗಿಲು.

ಉಳಿದದ್ದು ಅನುಭವಸ್ಥ ಹೆಂಗಸರ ಆಕ್ಷೇಪ, ಅದಕ್ಕೆ ಉತ್ತರ ಕೊಡುವುದು ಕಷ್ಟ. ಹೊರಗೆ ಹೋದ ಆಹೇರಿ ಹೊರಗೇ ಇರುತ್ತದೆಯೇ? ಹುಮನಾಬಾದಿನ ಬೀಗರಿಗೆ ಕೊಟ್ಟ ನೀಲಿ ಜಂಪರ್ ಪೀಸು ಭಾಲ್ಕಿ, ಬೀದರ ಸುತ್ತಿ, ಮೂರನೇ ವರ್ಷಕ್ಕೆ ಅದೇ ಮಡಿಕೆಯಲ್ಲಿ ಮನೆಗೆ ಬರುತ್ತದಲ್ಲ? ಬರಲಿ. ಅದು ಬಂದದ್ದಕ್ಕಿಂತ ದೊಡ್ಡ ಅನಾಹುತ, ಕೊಟ್ಟವರಿಗೇ ಅದನ್ನು ತಿರುಗಿ ಕೊಡುವುದು. ಹಾಗಾಗಿ ಯಾರು ಏನು ಕೊಟ್ಟರು, ಯಾರಿಗೆ ಏನು ಹೋಯಿತು ಎಂಬ ಮುಯ್ಯಿಯ ವಹಿಯೊಂದು, ಸುತಳಿಯಲ್ಲಿ ಕಟ್ಟಿದ ಪೆನ್ನಿನ ಜೊತೆ, ಲಕ್ಕಮ್ಮನ ಹಲಗೆಯ ಮೇಲುಗಡೆ ತೂಗಬೇಕು. ಬಡಿಗೇರ ಆ ಕೋಣೆಯಲ್ಲಿ ಎಲ್ಲಕ್ಕಿಂತ ಮೊದಲು ಹೊಡೆಯಬೇಕಾದ ಮೊಳೆ ಅದರದು.