ಪರಾರ್ಥಧಾವನ ಮೀಮಾಂಸೆ

ಓಟ ಎರಡು ಬಗೆ: ಸ್ವಾರ್ಥ, ಪರಾರ್ಥ. ಬಿಎಂಟಿಸಿ ಬಸ್ಸಿನ ಹಿಂದೆ ಓಡುವುದು ಸ್ವಾರ್ಥಧಾವನ. 2008ರಿಂದ ಬೆಂಗಳೂರಿನಲ್ಲಿ ನಡೆಯುತ್ತಿರುವ ವರ್ಲ್ಡ್ ಟೆನ್‌ಕೆಯಂಥ ಪಂದ್ಯದಲ್ಲಿ, ಗಂಡನ ಕೈಲಿ ಪೆಟ್ಟು ತಿಂದ ಹೆಂಗಸರಿಗೆ ಆಸರೆಯಾಗುವ ಸಂಸ್ಥೆಗೆಂದು ಚಂದಾ ಎತ್ತಿ ಓಡುವುದು ಪರಾರ್ಥಧಾವನ. ಮೊದಲನೆಯದರಲ್ಲಿ ಬಸ್ಸು ಸಿಗುವುದು ಅನುಮಾನ. ಎರಡನೆಯದರಲ್ಲಿ ಟೀಶರ್ಟು ಗ್ಯಾರಂಟಿ.

ಮೀಮಾಂಸಕರ ಪ್ರಕಾರ ಒಂದು ಅಧಿಕರಣಕ್ಕೆ, ಅಂದರೆ ಒಂದು ಚರ್ಚೆಗೆ, ಐದು ಅಂಗ ಬೇಕು. ಅವುಗಳಲ್ಲಿ ಪ್ರಯೋಜನವೆಂಬುದನ್ನು ಮೊದಲೇ ಹೇಳಿಬಿಡಬಹುದು: ದಾನಕ್ಕೆ ತೆರಿಗೆ ವಿನಾಯಿತಿಯ ರಸೀದಿ. (ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ ಮಾತ್ರ, ಹೊಸ ಪದ್ಧತಿಯವರು ನಿಷ್ಕಾಮ ಕರ್ಮಿಗಳು.)

ಈ ಶಾಸ್ತ್ರದ ಮೂಲ ಪ್ರಶ್ನೆಯನ್ನು ಎತ್ತಿದವರು ಪಂಡಿತರಲ್ಲ, ದೊಡ್ಡಮ್ಮಂದಿರು. ಫ್ಯಾಮಿಲಿ ಗ್ರೂಪಿನಲ್ಲಿ "ಕಿಲೋಮೀಟರಿಗೆ ನೂರು ರೂಪಾಯಿ" ಎಂಬ ಮನವಿ ಬಿದ್ದೊಡನೆ ದೊಡ್ಡಮ್ಮ ಕೇಳುತ್ತಾರೆ: "ದುಡ್ಡು ಕೊಡ್ತೀನಿ ಕಣೋ, ಅದಕ್ಕೆ ನೀನ್ಯಾಕೆ ಓಡ್ಬೇಕು?" ಯಜ್ಞದ ಯಜಮಾನ ಇಲ್ಲಿ ತುಪ್ಪ ಸುರಿದರೆ ಸ್ವರ್ಗ ಯಾವತ್ತೋ ಸಿಗುವುದು ಹೇಗೆಂಬ ತೊಡಕೇ ಇದು. ಮೀಮಾಂಸಕರು ಅದಕ್ಕೆ 'ಅಪೂರ್ವ' ಎಂಬ ಕಾಣದ ಶಕ್ತಿಯನ್ನು ಒಪ್ಪಿಕೊಂಡರು. ನಾವೂ ಒಪ್ಪೋಣ. ಹಲಸೂರು ಕೆರೆಯ ಬಳಿ ಸುರಿದ ಬೆವರು ಈ ಅಪೂರ್ವದ ಮೂಲಕವೇ ಯಾವಳದೋ ಮಧ್ಯರಾತ್ರಿಯ ಆಟೊ ಚಾರ್ಜಾಗುತ್ತದೆ, ಮಗುವಿನ ಹಾಲಾಗುತ್ತದೆ, ವಕೀಲರ ಫೀಜಾಗುತ್ತದೆ, ಕೋರ್ಟಿಗೆ ಕೊಡುವ ಮೂರು ಸೆಟ್ ಜೆರಾಕ್ಸಾಗುತ್ತದೆ. ಇದನ್ನು ಅಣಕಿಸುವ ಧೈರ್ಯ ಭಾಷ್ಯಕಾರನಿಗಿಲ್ಲ.

ಕಾಲಮಾಪನದ ಬಗ್ಗೆ ಒಂದು ಮಾತು. ಓಟಗಾರನ ಬಿಬ್ಬಿಗೆ ಅಂಟಿಸಿದ ಚಿಪ್ಪು ಸೆಕೆಂಡಿನ ಲೆಕ್ಕ ಇಡುತ್ತದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯೂ ಲೆಕ್ಕ ಇಟ್ಟಿದೆ: ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ, ಅಲ್ಲಿಂದ 60 ದಿನದಲ್ಲಿ ಇತ್ಯರ್ಥಕ್ಕೆ ಪ್ರಯತ್ನ. ಫೈಲಿಗೆ ಚಿಪ್ಪು ಅಂಟಿಸುವ ವಿಧಿ ಮಾತ್ರ ಅದರಲ್ಲಿಲ್ಲ.

ಈಗ ಅಧಿಕರಣದ ಇನ್ನೊಂದು ಅಂಗ, ಸಂಶಯ. ಓಟಗಾರ ನಾಲ್ಕನೇ ಮಹಡಿಯಲ್ಲಿದ್ದಾನೆ ಎನ್ನಿ. ಮೂರನೆಯದರಲ್ಲಿ ರಾತ್ರಿ ಹನ್ನೊಂದಕ್ಕೆ ಸ್ಟೀಲ್ ತಟ್ಟೆ ಗೋಡೆಗೆ ಬಡಿದು ನೆಲದ ಮೇಲೆ ಗಿರಗಿರ ಸುತ್ತಿ ನಿಲ್ಲುವ ಸದ್ದು. ಆಮೇಲೆ ಮಗು ಅಳುವ ಸದ್ದು. ಆಮೇಲೆ ಯಾರೋ ಟಿವಿ ಜೋರು ಮಾಡಿದ ಸದ್ದು. ಮಧ್ಯೆ ಇರುವುದು ಹದಿನೆಂಟು ಮೆಟ್ಟಿಲು. ಹತ್ತು ಕಿಲೋಮೀಟರ್ ಓಡಬಲ್ಲ ಕಾಲು ಹದಿನೆಂಟು ಮೆಟ್ಟಿಲು ಇಳಿಯಬಲ್ಲದೋ, ಇಲ್ಲವೋ?

ಇಳಿಯಲಾರದು ಎಂಬುದು ಪೂರ್ವಪಕ್ಷ, ಅಂದರೆ ಎದುರು ವಾದ. ಕಾರಣ: ಅದು ಅವರ ಮನೆ ವಿಷಯ, ನಾಳೆ ಲಿಫ್ಟಿನಲ್ಲಿ ಮುಖ ನೋಡಬೇಕು, ಕೇಸು ತಿರುಗಿ ನಮ್ಮ ಮೇಲೇ ಬಿದ್ದರೆ? ಮೇಲಾಗಿ ಸೊಸೈಟಿ ಸೆಕ್ರೆಟರಿಯ ಆಪ್ತವಾಕ್ಯವಿದೆ: "ನಮ್ಮಲ್ಲಿ ಎಲ್ಲಾ ಡೀಸೆಂಟ್ ಫ್ಯಾಮಿಲಿಗಳು." ಆದರೆ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49ರ ವಯಸ್ಸಿನ, ಮದುವೆಯಾದ ಹೆಂಗಸರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರೆಂದಿದೆ. ಹಿಂದಿನ ಸಮೀಕ್ಷೆಯಲ್ಲಿ ಅದು ಶೇ 20.6 ಇತ್ತು. ಎಲ್ಲ ಅಪಾರ್ಟ್‌ಮೆಂಟಿನ ಸೆಕ್ರೆಟರಿಗಳೂ ಇದೇ 'ಡೀಸೆಂಟ್' ಮಾತು ಹೇಳುವುದರಿಂದ, ಆ ಶೇ 44.4 ಮಂದಿ ಅಪಾರ್ಟ್‌ಮೆಂಟುಗಳ ನಡುವಿನ ಖಾಲಿ ಸೈಟುಗಳಲ್ಲಿ ವಾಸವಿದ್ದಾರೆಂದು ಊಹಿಸಬೇಕಾಗುತ್ತದೆ.

ಇದರಿಂದ ಒಂದು ಸೂತ್ರ ಹೊರಡುತ್ತದೆ: ನೊಂದವಳು ದೂರವಿದ್ದಷ್ಟೂ ದಾನ ಹೆಚ್ಚು. ಅಪರಿಚಿತಳಿಗೆ ಸಾವಿರ, ಬೇರೆ ಬಡಾವಣೆಯವಳಿಗೆ ಐನೂರು, ಮೂರನೇ ಮಹಡಿಯವಳಿಗೆ ಟಿವಿ ವಾಲ್ಯೂಮು, ತಂಗಿಯ ಮಗಳಿಗೆ "ಸ್ವಲ್ಪ ಹೊಂದಿಕೊಂಡು ಹೋಗಮ್ಮ."

ಇದಕ್ಕೆ ಉತ್ತರವಾಗಿ ಸಿದ್ಧಾಂತಿ ಹೇಳುತ್ತಾನೆ: ಅದೇ ಕೌಟುಂಬಿಕ ಹಿಂಸೆ ಕಾಯ್ದೆಯ 4ನೇ ಸೆಕ್ಷನ್ನಿನಂತೆ ಹಿಂಸೆ ನಡೆದಿದೆ ಎಂದು ನಂಬಲು ಕಾರಣವಿರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು, ಸದುದ್ದೇಶದಿಂದ ತಿಳಿಸಿದವರ ಮೇಲೆ ಸಿವಿಲ್ಲೂ ಇಲ್ಲ, ಕ್ರಿಮಿನಲ್ಲೂ ಇಲ್ಲ. ಆದ್ದರಿಂದ ಮೂರನೆಯ ಕಾರಣ ಬಿತ್ತು. ಮೆಟ್ಟಿಲು ಇಳಿಯಲು ಮಂಡಿನೋವಿದ್ದವರು ಕುಳಿತಲ್ಲೇ ಮಹಿಳಾ ಸಹಾಯವಾಣಿ 181ಕ್ಕೆ ಫೋನು ಮಾಡಬಹುದು, ವಾರ್ಮಪ್ಪು ಬೇಕಿಲ್ಲ.

ಇದಕ್ಕೆ ಮೆಡಲ್ ಇದೆಯೇ ಎಂದು ಪೂರ್ವಪಕ್ಷಿ ಕೇಳಿದ. ಇಲ್ಲವೆಂದಾಗ, ಬಿಬ್ ಕೊಡುವ ಕೌಂಟರ್ ಏಳಕ್ಕೆ ಮುಚ್ಚುತ್ತದೆಂದು ವಾದವನ್ನು ಅರ್ಧಕ್ಕೇ ಬಿಟ್ಟು ಓಡಿದ.