ಆರಡಿ ದೂರದ ಗುಳಿ

2016ರ ಐಪಿಎಲ್ ಫೈನಲ್ ಮಾತೆತ್ತಿದರೆ ಈಗಲೂ ನಿಮ್ಮ ಮುಖ ಬಾಡ್ತದೆ ನೋಡಿ. ಚಿನ್ನಸ್ವಾಮಿಯಲ್ಲೇ ಆಟ, ಗೇಲ್ ಕೊಹ್ಲಿ ಸೇರಿ ನೂರು ದಾಟಿಸಿ ಆಗಿತ್ತು, ಆಮೇಲೆ ಬರೀ 8 ರನ್ನಿಗೆ... ಬಿಡಿ ಮಾರಾಯ್ರೇ, 2025ರಲ್ಲಿ ಕಪ್ ಬಂತಲ್ಲ. ಆದರೆ ಸೋಲಿನ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಜರ್ಮನಿಯ ಗಾಲ್ಫ್ ಆಟಗಾರ ಬರ್ನ್‌ಹಾರ್ಡ್ ಲ್ಯಾಂಗರ್. ಅಮೆರಿಕದ ಕಿಯಾವಾ ದ್ವೀಪದ ಆ ಹೊಡೆತ, ಯುರೋಪ್ ಮತ್ತು ಅಮೆರಿಕ ಎದುರುಬದುರಾಗಿ ಆಡುವ ರೈಡರ್ ಕಪ್ಪಿನದು, 1991ರಲ್ಲಿ.

ಮೂರು ದಿನದ ಆಟವೆಲ್ಲ ಬಂದು ನಿಂತದ್ದು ಕೊನೆಯ ಜೋಡಿಯ ಕೊನೆಯ ಗುಳಿಯ ಹತ್ತಿರ. ಆರಡಿ ದೂರದ ಪಟ್, ಅಂದರೆ ಚೆಂಡನ್ನು ಗುಳಿಗೆ ಮೆಲ್ಲಗೆ ಉರುಳಿಸುವ ಹೊಡೆತ, ಅಷ್ಟೇ. ಚೆಂಡು ಒಳಗೆ ಬಿದ್ದರೆ 14-14 ಸಮ, ಆಗ ಕಪ್ ಮೊದಲೇ ಇದ್ದ ಯುರೋಪಿನಲ್ಲೇ ಉಳೀತದೆ. ಚೆಂಡು ಹೋಗುವ ದಾರಿಯಲ್ಲಿ ಯಾರದೋ ಬೂಟಿನ ಮೊಳೆ ಎಬ್ಬಿಸಿದ ಎರಡು ಗುರುತು. ಈಗಾದರೆ ಅದನ್ನು ಒತ್ತಿ ಸರಿ ಮಾಡಬಹುದು, 2019ರಲ್ಲಿ ನಿಯಮ ಬದಲಾಯ್ತು. ಆಗ ಕೈ ಹಾಕುವ ಹಾಗೇ ಇರಲಿಲ್ಲ. ಲ್ಯಾಂಗರ್ ಹೊಡೆದ ಚೆಂಡು ಗುಳಿಯ ಪಕ್ಕದಲ್ಲೇ ಜಾರಿಹೋಯ್ತು. ಕಣ್ಣು ಮುಚ್ಚಿ, ಬಾಯಿ ತೆರೆದು, ತಲೆ ಹಿಂದಕ್ಕೆ ಚೆಲ್ಲಿದ ಆ ಫೋಟೋ ನೋಡಿದ್ದೀರಲ್ಲ? ದೇವರನ್ನು ನಂಬಿದವರಿಗೆ ಸೋಲು ನೋಯುವುದಿಲ್ಲ ಅನ್ನುವವರು ಅದನ್ನು ಒಮ್ಮೆ ನೋಡಬೇಕು.

ಆಮೇಲೆ ಲ್ಯಾಂಗರ್ ಹೇಳಿದ ಮಾತು ನನಗೆ ಬಹಳ ದೊಡ್ಡದು. ಒಂದು ತಪ್ಪೂ ಮಾಡದೆ ಬದುಕಿದವನು ಒಬ್ಬನೇ, ಅವನನ್ನೂ ಶಿಲುಬೆಗೇರಿಸಿದರು, ನಾನು ತಪ್ಪಿಸಿದ್ದು ಒಂದು ಪಟ್ ಮಾತ್ರ ಅನ್ನುವ ಅರ್ಥದ ಮಾತು. ಶುಭ ಶುಕ್ರವಾರ ಇಗರ್ಜಿಯಲ್ಲಿ ಮೊಣಕಾಲೂರಿದವರಿಗೆ ಇದರ ತೂಕ ತಟ್ಟನೆ ಗೊತ್ತಾಗ್ತದೆ, ಅಲ್ವಾ?

ನಮ್ಮ ಇಗರ್ಜಿಯ ಹುಡುಗರ ವಾಲಿಬಾಲ್ ಫೈನಲ್ ನೆನಪಾಯ್ತು ನೋಡಿ. ಕೊನೆಯ ಸರ್ವಿಸ್ ನೆಟ್ಟಿಗೆ ಹೊಡೆದ ಹುಡುಗ ನಾಚಿಕೆಯಿಂದ ಭಾನುವಾರದ ಪೂಜೆಗೇ ಬರಲಿಲ್ಲ. ಫಾದರ್ ಸಂಜೆ ಅವನ ಮನೆಗೆ ಹೋದರು. ಉಪದೇಶ ಏನಿಲ್ಲ. ಜಗಲಿಯಲ್ಲಿ ಕೂತು ಚಾ ಕುಡಿದರು, ಅವನ ಅಮ್ಮ ಮಾಡಿದ ಗೋಳಿಬಜೆ ತಿಂದರು, ಏಳುವಾಗ ‘ಮುಂದಿನ ಭಾನುವಾರ ಮೊದಲನೇ ವಾಚನ ನೀನೇ ಓದಬೇಕು ಮಗಾ’ ಅಂದು ಬಂದರು. ಹುಡುಗ ಓದಿದ, ಗಂಟಲು ಸ್ವಲ್ಪ ಕಟ್ಟಿತ್ತು. ಸರ್ವಿಸ್ ತಪ್ಪಿದ್ದಕ್ಕೆ ದೇವರ ಮನೆಯಲ್ಲಿ ಯಾರ ಜಾಗವೂ ಹೋಗುವುದಿಲ್ಲ ಅಂತ ಅವನಿಗೆ ತಿಳಿಯಿತಲ್ಲ, ನನಗೆ ಅಷ್ಟೇ ಸಾಕು.

ಲ್ಯಾಂಗರ್‌ಗೂ ಅದು ಮೊದಲೇ ತಿಳಿದಿತ್ತು ಅನ್ನಿಸ್ತದೆ. ವಿಚಿತ್ರ ಅಂದರೆ, ಅವರು ಬೈಬಲಿನ ಕಡೆ ತಿರುಗಿದ್ದು ಸೋತಾಗ ಅಲ್ಲ, ಗೆದ್ದಾಗ. 1985ರಲ್ಲಿ ಗಾಲ್ಫಿನ ದೊಡ್ಡ ಟೂರ್ನಿ ಮಾಸ್ಟರ್ಸ್ ಗೆದ್ದರು, ಗೆದ್ದವರಿಗೆ ತೊಡಿಸುವ ಹಸಿರು ಕೋಟು ಬಂತು, ಆದರೂ ಒಳಗೆ ಖಾಲಿ ಖಾಲಿ. ಮುಂದಿನ ವಾರ ಇನ್ನೊಬ್ಬ ಆಟಗಾರ ಬಾಬಿ ಕ್ಲ್ಯಾಂಪೆಟ್ ಬೈಬಲ್ ಅಧ್ಯಯನಕ್ಕೆ ಕರೆದುಕೊಂಡು ಹೋದರು. ಅಲ್ಲಿ ರಾತ್ರಿ ಹೊತ್ತು ಯೇಸುವನ್ನು ಹುಡುಕಿಕೊಂಡು ಬಂದ ನಿಕೊದೇಮನ ಪ್ರಸಂಗ. ಚಿಕ್ಕಂದಿನಿಂದ ಕಥೋಲಿಕರೇ ಆದರೂ ಆವತ್ತು ಅದು ಹೊಸದಾಗಿ ಕೇಳಿಸಿತಂತೆ. ಗೆಲುವೇ ಹೊಟ್ಟೆ ತುಂಬಿಸುವುದಿಲ್ಲ ಅಂತ ಕಂಡುಕೊಂಡವನನ್ನು ಸೋಲು ಎಷ್ಟು ದಿನ ಉಪವಾಸ ಕೆಡವೀತು?

ಆರಡಿಯ ಆಟ ಮುಗಿದ ಮುಂದಿನ ವಾರವೇ ಸ್ಟಟ್‌ಗಾರ್ಟ್‌ನಲ್ಲಿ ಜರ್ಮನ್ ಮಾಸ್ಟರ್ಸ್. ಕೊನೆಯ ಗುಳಿಯಲ್ಲಿ ಸುಮಾರು 15 ಅಡಿಯ ಪಟ್ ಹಾಕಿ ಪ್ಲೇಆಫ್‌ಗೆ ಹೋಗಿ ಗೆದ್ದೇಬಿಟ್ಟರು. ಅದನ್ನು ದೇವರು ಕೊಟ್ಟ ಪರಿಹಾರ ಅನ್ನಲು ನನಗೆ ಮನಸ್ಸಿಲ್ಲ. ಗೆಲ್ಲಿಸಪ್ಪಾ ಅಂತ ಎದುರಿನವರ ಮನೆಯಲ್ಲೂ ಮೇಣದ ಬತ್ತಿ ಹಚ್ಚಿರ್ತಾರಲ್ಲ! ಕಾಲು ನಡುಗದೆ ಮತ್ತೆ ಪಟ್ ಹೊಡೆಯುವ ಕೋಲು, ಆ ಪಟರ್ ಹಿಡಿದು ನಿಂತರಲ್ಲ, ಕೃಪೆ ನನಗೆ ಕಾಣುವುದು ಅಲ್ಲಿ. 1993ರಲ್ಲಿ ಎರಡನೇ ಸಲ ಮಾಸ್ಟರ್ಸ್ ಗೆದ್ದದ್ದು ಈಸ್ಟರ್ ಭಾನುವಾರ.

ಕೈಯೂ ಸುಲಭದ್ದಲ್ಲ ಅವರದು. ಯಿಪ್ಸ್ ಅಂತಾರೆ, ಸಣ್ಣ ಪಟ್ ಹೊಡೆಯುವಾಗಲೇ ಕೈ ಅದುರುವುದು. ಅದಕ್ಕೆ ಪಟರಿನ ಹಿಡಿಯನ್ನು ಎಡ ಮುಂಗೈಗೆ ಒತ್ತಿ, ಎರಡನ್ನೂ ಬಲಗೈಯಲ್ಲಿ ಸೇರಿಸಿ ಬಿಗಿಹಿಡಿದು ಆಡಿದರು. 1981ರಲ್ಲಿ ಚೆಂಡು ಮರದಲ್ಲಿ ಸಿಕ್ಕಿಕೊಂಡಾಗ ಮರ ಹತ್ತಿ ಕೂತು ಅಲ್ಲಿಂದಲೇ ಹೊಡೆದ ಮನುಷ್ಯ! ಪ್ರಾರ್ಥನೆ ಮಾಡ್ತೇನೆ ಅಂತ ಅಭ್ಯಾಸ ಬಿಟ್ಟವರಲ್ಲ.

ಇನ್ನೊಂದು ಕೇಳಿ. ಕಿಯಾವಾದಲ್ಲಿ ಎದುರಿಗಿದ್ದವರು ಹೇಲ್ ಇರ್ವಿನ್. ಹಿರಿಯರ ಟೂರ್‌ನಲ್ಲಿ 45 ಗೆಲುವಿನ ದಾಖಲೆ ಇದ್ದದ್ದು ಅವರದೇ. ಅದನ್ನು 2023ರಲ್ಲಿ ದಾಟಿದ್ದು ಯಾರು ಹೇಳಿ? ಇದೇ ಲ್ಯಾಂಗರ್, 65ನೇ ವಯಸ್ಸಿನಲ್ಲಿ.

ಮರುವರ್ಷ ಪಿಕಲ್‌ಬಾಲ್ ಆಡಲು ಹೋಗಿ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡರು, ಹಾಗಾಗಿ ಮಾಸ್ಟರ್ಸ್ ವಿದಾಯ 2025ಕ್ಕೆ ಹೋಯ್ತು. ಅಲ್ಲೂ ಎರಡನೇ ದಿನ 18ನೇ ಗುಳಿಯಲ್ಲಿ ಪಟ್ ತಪ್ಪಿ, ಒಂದೇ ಒಂದು ಹೊಡೆತದಲ್ಲಿ ಶನಿವಾರ ಮುಂದೆ ಆಡುವ ಅವಕಾಶ ಕೈತಪ್ಪಿತು. ನೀವು ಛೇ ಅಂತೀರಿ, ನಾನೂ ಅಂದೆ. ಅವರು ಮಾತ್ರ ಆಮೇಲೂ ಹಿರಿಯರ ಟೂರ್‌ನಲ್ಲಿ ಆಡ್ತಲೇ ಇದ್ದರು ಮಾರಾಯ್ರೇ, ಆಪರೇಶನ್ ಆದ ಅದೇ ಕಾಲಲ್ಲಿ!